ಕ್ವಾರಿ ಗುಂಡಿಯ ನೀರು: ಮಳೆಯದ್ದೆಷ್ಟು, ನೆಲದ್ದೆಷ್ಟು?

ಪ್ರಶ್ನೆ: ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಮ್ಮದು 6 ಎಕರೆ ಲೀಸಿನ ಕಲ್ಲು ಕ್ವಾರಿ. ಪಕ್ಕದ 3 ಎಕರೆಯಲ್ಲಿ ಜಲ್ಲಿ ಕ್ರಷರ್ ಇದೆ. ಲೀಸಿನೊಳಗೆ 3 ಎಕರೆಯಷ್ಟು ಜಾಗದಲ್ಲಿ 60 ಅಡಿ ಆಳಕ್ಕೆ ಇಳಿದಿದ್ದೇವೆ. ಮೇಲುಗಡೆ ಬಂಡೆಗುಡ್ಡ. ಅದರ 20 ಎಕರೆ ಇಳಿಜಾರು ನಮ್ಮ ಕಡೆಗೇ ತಿರುಗಿದೆ. ಹೋದ ಹಿಂಗಾರಿನಲ್ಲಿ ಗುಂಡಿಯಲ್ಲಿ ನೀರು ನಿಂತು ತುಂಬಾ ದಿನ ಕೆಲಸ ನಿಂತಿತು. ಮೋಟಾರು ಹಾಕಿ ಹಳ್ಳಕ್ಕೆ ಬಿಟ್ಟೆವು. ಕೆಳಗಿನ ಕೆರೆಗೆ ಬಿಳಿ ನೀರು ಬಂತೆಂದು ಊರಿನವರು ಗಲಾಟೆ ಮಾಡಿದರು. ನಮ್ಮ ಗುಂಡಿಯಿಂದಲೇ ಬೋರ್‌ವೆಲ್‌ಗಳು ಬತ್ತುತ್ತಿವೆ ಅಂತ ಅಕ್ಕಪಕ್ಕದ ರೈತರ ದೂರು ಬೇರೆ. ಈ ನೀರನ್ನು ಹೇಗೆ ನಿಭಾಯಿಸಬೇಕು? ಕೆಲಸ ಮುಗಿದ ಮೇಲೆ ಗುಂಡಿಯಲ್ಲಿ ನೀರು ನಿಲ್ಲಿಸಿ ಇಂಗಿಸಿದರೆ ರೈತರಿಗೂ ಅನುಕೂಲ ಆಗುತ್ತೆ, ಅಲ್ವಾ?

ಉತ್ತರ: ನೀವು ಕೇಳಿರುವುದು ಒಂದೇ ಪ್ರಶ್ನೆ ಅನ್ನಿಸಿದರೂ ಇದರಲ್ಲಿ ಮೂರು ಬೇರೆ ಬೇರೆ ನೀರಿನ ವಿಚಾರ ಇದೆ. ಗುಡ್ಡದಿಂದ ಇಳಿದು ಬರುವ ಮಳೆನೀರು, ಗುಂಡಿಯ ಮೇಲೆ ನೇರವಾಗಿ ಬೀಳುವ ಮಳೆನೀರು, ಬಂಡೆಯ ಬಿರುಕಿನಿಂದ ಒಸರುವ ಅಂತರ್ಜಲ. ಈ ಮೂರೂ ಗುಂಡಿಯಲ್ಲಿ ಬೆರೆತ ಮೇಲೆ ನೀವು ಎಷ್ಟು ದುಡ್ಡು ಸುರಿದರೂ ಸಮಸ್ಯೆ ಬಗೆಹರಿಯಲ್ಲ. ರೈತರಿಗೆ ಉತ್ತರ ಕೊಡಲೂ ಆಗಲ್ಲ, ಇಲಾಖೆಯವರಿಗೆ ಲೆಕ್ಕ ಕೊಡಲೂ ಆಗಲ್ಲ. ಬೆರೆಯುವ ಮೊದಲೇ ಬೇರೆ ಮಾಡಬೇಕು. ನಿಮ್ಮ ಕೆಲಸದ ಮುಕ್ಕಾಲು ಪಾಲು ಇಷ್ಟೇ.

ಮೊದಲು ಒಂದು ಲೆಕ್ಕ ಹಾಕೋಣ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ನಿಮ್ಮ ಕಡೆ ಹಸ್ತ, ಚಿತ್ತೆ ಮಳೆಯ ಕಾಲದಲ್ಲಿ ಒಂದೇ ರಾತ್ರಿ 70 ಮಿಲಿಮೀಟರ್ ಬಿದ್ದರೆ ಅದು ದೊಡ್ಡ ಮಳೆಯೇ, ಆದರೆ ಆಶ್ಚರ್ಯ ಪಡುವಂಥದ್ದೇನಲ್ಲ. 3 ಎಕರೆ ಗುಂಡಿಯ ಮೇಲೆ ಆ ಮಳೆ ಬಿದ್ದರೆ 8.4 ಲಕ್ಷ ಲೀಟರ್. ಅದೇ ಮಳೆ 20 ಎಕರೆ ಗುಡ್ಡದ ಮೇಲೂ ಬೀಳುತ್ತದೆ. ಬಂಡೆಗುಡ್ಡ ಅಂದಮೇಲೆ ಬಿದ್ದದ್ದರಲ್ಲಿ ನೂರಕ್ಕೆ 60 ಭಾಗವಾದರೂ ಹರಿದು ಬರುತ್ತದೆ ಅಂದುಕೊಳ್ಳಿ. ಅದು 33 ಲಕ್ಷ ಲೀಟರಿಗೂ ಜಾಸ್ತಿ. ಅಂದರೆ ಗುಂಡಿಯಲ್ಲಿ ನಿಂತ 42 ಲಕ್ಷ ಲೀಟರಿನಲ್ಲಿ ಐದರಲ್ಲಿ ನಾಲ್ಕು ಪಾಲು ನಿಮ್ಮದಲ್ಲದ ನೀರು. ಬಾಗಿಲು ತೆರೆದಿಟ್ಟು ಒಳಗೆ ಬಿಟ್ಟುಕೊಂಡಿದ್ದೀರಿ.

ಇದನ್ನೇ ಕರೆಂಟು ಬಿಲ್ಲಿನ ಲೆಕ್ಕದಲ್ಲಿ ನೋಡಿ. 10 ಎಚ್‌ಪಿ ಮೋಟಾರು 60 ಅಡಿ ಆಳದಿಂದ ಎತ್ತಿ, ಪೈಪಿನೊಳಗಿನ ತಡೆಯನ್ನೂ ದಾಟಿಸಿ ಹಾಕುವುದು ಗಂಟೆಗೆ ಹೆಚ್ಚುಕಡಿಮೆ 54,000 ಲೀಟರ್. 42 ಲಕ್ಷ ಲೀಟರ್ ಖಾಲಿ ಮಾಡಲು ಮೂರು ಹಗಲು, ಮೂರು ರಾತ್ರಿ ಬಿಡದೆ ಓಡಬೇಕು. ಅಷ್ಟರೊಳಗೆ ಇನ್ನೊಂದು ಮಳೆ ಬಂದಿರುತ್ತದೆ. ಗುಡ್ಡದ ನೀರನ್ನು ತಡೆದಿದ್ದರೆ ಇದೇ ಮೋಟಾರಿಗೆ 16 ಗಂಟೆಯ ಕೆಲಸ. ಆದ್ದರಿಂದ ದೊಡ್ಡ ಮೋಟಾರು ಕೊಳ್ಳುವ ಯೋಚನೆ ಇದ್ದರೆ ಸದ್ಯಕ್ಕೆ ಬಿಡಿ. ಆ ದುಡ್ಡಿನಲ್ಲಿ ಹಿಟಾಚಿ ಬಾಡಿಗೆಗೆ ತಂದು ಕಾಲುವೆ ತೋಡಿಸಿ.

ಗುಂಡಿಯ ಮೇಲ್ಭಾಗದಲ್ಲಿ ಸುತ್ತುವರಿದು ತೋಡುವ ಈ ಕಾಲುವೆಗೆ ಮೈನಿಂಗ್ ಪ್ಲಾನಿನಲ್ಲಿ ಗಾರ್ಲ್ಯಾಂಡ್ ಡ್ರೈನ್ ಅಂತಾರೆ. ನಿಮ್ಮ ಪ್ಲಾನಿನಲ್ಲೂ ಖಂಡಿತ ಇರುತ್ತದೆ, ತೆಗೆದು ನೋಡಿ. ಶೀಟಿನ ಮೇಲೆ ಅಂದವಾಗಿ ನೀಲಿ ಗೆರೆ ಎಳೆದಿರುತ್ತಾರೆ. ಜಾಗಕ್ಕೆ ಹೋದರೆ ಅಲ್ಲಿ ಲಂಟಾನ ಬೆಳೆದಿರುತ್ತದೆ! ಇನ್ನು ಕೆಲವು ಕಡೆ ತೋಡಿರುತ್ತಾರೆ, ಆದರೆ ಒಂದು ಅಡಿ ಅಗಲ, ಒಂದು ಅಡಿ ಆಳ. ಅದು ತೋಟಕ್ಕೆ ನೀರು ಹಾಯಿಸಲು ಸಾಕು, ಗುಡ್ಡದ ನೀರಿಗೆ ಸಾಲದು.

ನಿಮ್ಮ ಜಾಗಕ್ಕೆ ಎಷ್ಟು ದೊಡ್ಡದು ಬೇಕು? ಕಾಲುವೆಯ ಅಳತೆ ಮಾಡುವಾಗ ದಿನದ ಮಳೆ ನೋಡಬಾರದು, ಜೋರು ಮಳೆಯ ವೇಗ ನೋಡಬೇಕು. ಗಂಟೆಗೆ 60 ಮಿಲಿಮೀಟರ್ ವೇಗದ ಮಳೆ ಹಿಡಿದರೆ 20 ಎಕರೆ ಗುಡ್ಡದಿಂದ ಸೆಕೆಂಡಿಗೆ 800 ಲೀಟರ್ ಬರುತ್ತದೆ. ಅದನ್ನು ಸಾಗಿಸಲು ತಳ 2 ಅಡಿ ಅಗಲ, ನೀರಿನ ಆಳ 2 ಅಡಿ, ಅದರ ಮೇಲೆ ಅರ್ಧ ಅಡಿ ಖಾಲಿ, ಎರಡೂ ಬದಿ 45 ಡಿಗ್ರಿ ಓರೆ ಇರುವ ಕಾಲುವೆ ಬೇಕು. ಮೇಲ್ಗಡೆ ಬಾಯಿ 7 ಅಡಿ ಅಗಲ ಆಗುತ್ತದೆ. ಇಳಿಜಾರು 120 ಅಡಿಗೆ 1 ಅಡಿ. ಇದಕ್ಕಿಂತ ಕಡಿದಾದರೆ ನೀರು ಕೆಂಪುಮಣ್ಣನ್ನು ಕೊರೆದುಕೊಂಡು ಹೋಗುತ್ತದೆ. ಅಂಥ ಕಡೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಪ್ರತಿ ಮೆಟ್ಟಿಲಿಗೂ ದಪ್ಪ ಕಲ್ಲು ಹಾಸಿ. ಕಲ್ಲಿಗಂತೂ ನಿಮ್ಮಲ್ಲಿ ಬರ ಇಲ್ಲ. ಕಾಲುವೆಯನ್ನು ಗುಡ್ಡದ ಮಧ್ಯದಿಂದ ಎರಡೂ ಕಡೆಗೆ ಇಳಿಸಲು ಸಾಧ್ಯವಾದರೆ ಒಂದೊಂದರ ಹೊರೆ ಅರ್ಧವಾಗುತ್ತದೆ. ಆದರೂ ಅಳತೆ ಕಡಿಮೆ ಮಾಡಬೇಡಿ. ಮೊದಲ ವರ್ಷವೇ ಅರ್ಧ ಅಡಿ ಹೂಳು ಕೂರುತ್ತದೆ.

ಎಲ್ಲಿ ತೋಡಬೇಕು ಅನ್ನುವುದೂ ಮುಖ್ಯ. 1961ರ ಮೆಟಾಲಿಫೆರಸ್ ಮೈನ್ಸ್ ನಿಯಮಗಳ ಪ್ರಕಾರ ಗಡಿಯಿಂದ 7.5 ಮೀಟರ್ ಜಾಗವನ್ನು ಅಗೆಯದೆ ಬಿಡಬೇಕು. ಬಹಳಷ್ಟು ಜನ ಕಾಲುವೆಯನ್ನು ಈ ಪಟ್ಟಿಯ ಒಳ ಅಂಚಿನಲ್ಲಿ, ಗುಂಡಿಯ ಬಾಯಿಗೆ ಅಂಟಿಕೊಂಡಂತೆ ತೋಡುತ್ತಾರೆ. ಅದು ಅಪಾಯ. ಮೇಲಿನ ಹತ್ತಿಪ್ಪತ್ತು ಅಡಿ ಗಟ್ಟಿ ಬಂಡೆಯಲ್ಲ, ಗರಸು, ಮೊರಂ ಇರುತ್ತದೆ. ಕಾಲುವೆಯ ನೀರು ಅದರೊಳಗೆ ಜಿನುಗಿ, ಗೋಡೆ ಹಿಂದಿನಿಂದ ನೆನೆದು, ಒಂದು ದಿನ ಇಡೀ ಭಾಗ ಕುಸಿದು ಕೆಳಗಿನ ಬೆಂಚಿಗೆ, ಅಂದರೆ ಗುಂಡಿಯ ಗೋಡೆಯಲ್ಲಿ ಮೆಟ್ಟಿಲಿನಂತೆ ಬಿಟ್ಟ ಜಾಗಕ್ಕೆ, ಬೀಳುತ್ತದೆ. ಕಾಲುವೆ ಹೊರ ಅಂಚಿನಲ್ಲೇ ಇರಲಿ. ತೋಡಿದ ಮಣ್ಣನ್ನು ಗುಂಡಿಯ ಕಡೆಗೆ ಬದು ಹಾಕಿ ಗಟ್ಟಿ ಮಾಡಿ. ಕಾಲುವೆ ತುಂಬಿದರೂ ನೀರು ಹೊರಗೇ ಉಕ್ಕುತ್ತದೆ.

ಈಗ ಈ ವಿಷಯದಲ್ಲಿ ಯಾರೂ ಹೇಳದ ಒಂದು ಮಾತು. ತಿರುಗಿಸಿದ ನೀರು ಎಲ್ಲಿಗೆ ಹೋಗುತ್ತದೆ? ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ಸರಪಳಿಯಂತೆ ಕಟ್ಟಿದವು. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನದು ತುಂಬುತ್ತದೆ. ಗುಡ್ಡದ ಒಂದೊಂದು ಮಗ್ಗುಲಿನ ನೀರಿಗೂ ಒಂದೊಂದು ಹಳ್ಳ, ಒಂದೊಂದು ಕೆರೆ ಅಂತ ಲೆಕ್ಕ ಇದೆ. ನಿಮಗೆ ಸುಲಭ ಅಂತ ನೀರನ್ನು ಗುಡ್ಡದ ಆಚೆ ಮಗ್ಗುಲಿಗೆ ತಿರುಗಿಸಿದರೆ ಕೆಳಗಿನ ಕೆರೆಗೆ ಬರುವ ನೀರೇ ಕಡಿಮೆಯಾಗುತ್ತದೆ. ಆಗ ಊರಿನವರು ಬರೀ ಗಲಾಟೆ ಮಾಡಲ್ಲ, ಅವರ ಮಾತಿಗೆ ಆಧಾರವೂ ಇರುತ್ತದೆ. ಗ್ರಾಮ ನಕ್ಷೆ ತರಿಸಿ, ಅದರಲ್ಲಿ ಹಳ್ಳದ ಗೆರೆ ಎಲ್ಲಿದೆ ನೋಡಿ. ಕಾಲುವೆಯ ಕೊನೆ ಅದೇ ಹಳ್ಳಕ್ಕೇ ಸೇರಬೇಕು. ಸೇರುವ ಜಾಗದಲ್ಲಿ ದಪ್ಪ ಕಲ್ಲು ಸುರಿದು ವೇಗ ಮುರಿಯಿರಿ, ಇಲ್ಲದಿದ್ದರೆ ಹಳ್ಳದ ದಂಡೆ ಕೊಚ್ಚಿಹೋಗುತ್ತದೆ. ಈ ನೀರು ನಿಮ್ಮ ಕ್ವಾರಿಯನ್ನು ಮುಟ್ಟೇ ಇಲ್ಲ, ಮಣ್ಣು ಬಿಟ್ಟರೆ ಬೇರೆ ಕೊಳೆ ಇಲ್ಲ. ಕೆರೆಗೆ ಧಾರಾಳವಾಗಿ ಹೋಗಲಿ.

ಇನ್ನು ಗುಂಡಿಯೊಳಗೇ ಬಿದ್ದ ನೀರು. ಕೆರೆಗೆ ಬಿಳಿ ನೀರು ಬಂದದ್ದು ಯಾಕೆ ಅಂತ ನನಗೆ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಮಳೆ ನಿಂತ ಮಾರನೇ ದಿನವೇ ಮೋಟಾರು ಇಳಿಸಿದ್ದೀರಿ. ನೀರು ಎಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ಗುಂಡಿಯ ತಳದಲ್ಲಿ, ಕೆಸರಿನ ಮೇಲೇ ಕೂತಿದೆ. ಟಿಪ್ಪರ್ ಓಡಾಡಿದ ನೆಲದಲ್ಲಿ ಕಲ್ಲಿನ ಹಿಟ್ಟು ಬೆರಳು ದಪ್ಪ ಇರುತ್ತದೆ. ಅದೆಲ್ಲ ಪೈಪಿನಲ್ಲಿ ಹೋಗಿ ಹಳ್ಳಕ್ಕೆ ಬಿದ್ದಿದೆ. ಕೆರೆಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಆಗದೆ ಇನ್ನೇನಾಗುತ್ತದೆ?

ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಬಣ್ಣವಿಲ್ಲದ ಒಂದು ಲೀಟರಿನ ನೀರಿನ ಬಾಟಲಿ ಮೂರು ತಗೊಳ್ಳಿ. ಒಂದರಲ್ಲಿ ಗುಂಡಿಯ ನೀರು, ಒಂದರಲ್ಲಿ ಕ್ರಷರ್ ಯಾರ್ಡಿನಿಂದ ಹರಿಯುವ ನೀರು, ಇನ್ನೊಂದರಲ್ಲಿ ನಿಮ್ಮ ಜಾಗಕ್ಕಿಂತ ಮೇಲಿನ ಹಳ್ಳದ ನೀರು. ಮೂರನ್ನೂ ಚೆನ್ನಾಗಿ ಅಲ್ಲಾಡಿಸಿ ಆಫೀಸಿನ ಕಿಟಕಿ ಮೇಲೆ ಇಡಿ. ಐದೇ ನಿಮಿಷದಲ್ಲಿ ಮರಳು ತಳಕ್ಕೆ ಇಳಿಯುತ್ತದೆ. ಮಾರನೇ ಬೆಳಗ್ಗೆ ನೋಡಿ. ಮೇಲಿನ ನೀರು ತಿಳಿಯಾಗಿದ್ದರೆ ಬರೀ ತಂಗಿಸಿದರೆ ಸಾಕು. ಬೆಳಗ್ಗೆಯೂ ಬೆಳ್ಳಗೇ ಇದ್ದರೆ ಅದರಲ್ಲಿ ತೀರಾ ಸಣ್ಣ ಹಿಟ್ಟು ಇದೆ ಅಂತ ಅರ್ಥ. ಮಿಲಿಮೀಟರಿನ 50ನೇ ಒಂದು ಪಾಲಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮುಕ್ಕಾಲು ಗಂಟೆ ಸಾಕು. ಅದಕ್ಕಿಂತ ಹತ್ತು ಪಟ್ಟು ಸಣ್ಣದಾದರೆ ಹತ್ತು ಪಟ್ಟಲ್ಲ, ನೂರು ಪಟ್ಟು ಹೊತ್ತು ಬೇಕು. ಅಂದರೆ ಮೂರು ದಿನಕ್ಕೂ ಜಾಸ್ತಿ. ಹಳ್ಳದ ಪಕ್ಕ ಎರಡು ತೊಟ್ಟಿ ಕಟ್ಟಿಸಿ, ನೀರು ಒಂದರಿಂದ ಇನ್ನೊಂದಕ್ಕೆ ದುಮುಕಿ ಅರ್ಧ ಗಂಟೆಯಲ್ಲಿ ಹೊರಬಿದ್ದರೆ ಏನೂ ಪ್ರಯೋಜನ ಇಲ್ಲ ಅನ್ನುವುದು ಇದಕ್ಕೇ.

ನೀರು ತಂಗಲು ನಿಮ್ಮಲ್ಲಿ ಇರುವ ಒಳ್ಳೆಯ ತೊಟ್ಟಿ ಅಂದರೆ ಗುಂಡಿಯೇ. ತಳದ ನೆಲವನ್ನು ಒಂದು ಮೂಲೆಗೆ 100 ಅಡಿಗೆ 1 ಅಡಿಯಂತೆ ಇಳಿಜಾರು ಮಾಡಿ. ಆ ಮೂಲೆಯಲ್ಲಿ 55 ಅಡಿ ಉದ್ದ, 55 ಅಡಿ ಅಗಲ, 10 ಅಡಿ ಆಳದ ಸಂಪು ತೆಗೆಯಿರಿ. ಗುಂಡಿಯ ಮೇಲೆ ಬಿದ್ದ 70 ಮಿಲಿಮೀಟರ್ ಮಳೆ ಪೂರ್ತಿ ಅದರಲ್ಲಿ ಹಿಡಿಸುತ್ತದೆ. ಉಳಿದ ಕಡೆ ಕೆಲಸ ನಡೆಯುತ್ತಿರಲಿ, ನೀರು ಅಲ್ಲಿ ಮೂರು ದಿನ ಸುಮ್ನೆ ನಿಂತಿರಲಿ. ಆಮೇಲೆ ಎತ್ತಿ, ಆದರೆ ತಳದಿಂದಲ್ಲ, ಮೇಲಿನಿಂದ. ಖಾಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಫುಟ್‌ವಾಲ್ವ್ ಕಟ್ಟಿ, ನೀರಿನ ಮೇಲ್ಮಟ್ಟದಿಂದ ಒಂದೂವರೆ ಅಡಿ ಕೆಳಗೆ ತೇಲುವಂತೆ ಮಾಡಿ. ನೀರು ಇಳಿದ ಹಾಗೆ ಡ್ರಮ್ಮೂ ಇಳಿಯುತ್ತದೆ. ಕೊನೆಯ 2 ಅಡಿ ನೀರನ್ನು ಮುಟ್ಟಬೇಡಿ. ಅದನ್ನು ರಸ್ತೆಗೆ ಸಿಂಪಡಿಸುವ ಟ್ಯಾಂಕರಿಗೆ ಬಳಸಿ. ಸಂಪಿನ ಆಳ ನಿಮಗೆ ಮಂಜೂರಾದ ಆಳದೊಳಗೇ ಇರಬೇಕು, ಮೈನಿಂಗ್ ಪ್ಲಾನಿನಲ್ಲಿ ತೋರಿಸಿರಬೇಕು. ಇದನ್ನು ಮರೆಯಬೇಡಿ.

ಮೇಲೆ ತಂದ ನೀರನ್ನು ನೇರ ಹಳ್ಳಕ್ಕೆ ಬಿಡದೆ 70 ಅಡಿ ಉದ್ದ, 20 ಅಡಿ ಅಗಲದ ಇನ್ನೊಂದು ತೊಟ್ಟಿಯಲ್ಲಿ ಹಾಯಿಸಿ. 10 ಎಚ್‌ಪಿ ಮೋಟಾರಿನ ನೀರಿಗೆ ಲೆಕ್ಕದ ಪ್ರಕಾರ ಇದರ ಮೂರನೇ ಒಂದು ಪಾಲು ಸಾಕು. ಆದರೆ ಗಾಳಿ ಬೀಸುತ್ತದೆ, ಪೈಪಿನ ಬಾಯಲ್ಲಿ ಸುಳಿ ಏಳುತ್ತದೆ, ತಳದಲ್ಲಿ ಹೂಳು ಕೂರುತ್ತದೆ. ಲೆಕ್ಕದಲ್ಲಿ ಬಂದಷ್ಟೇ ಕಟ್ಟಿದವರು ಮಳೆಗಾಲದಲ್ಲಿ ಒದ್ದಾಡುವುದು ಇದರಿಂದಲೇ. ಹಳ್ಳಕ್ಕೆ ಬಿಡುವ ನೀರಿನಲ್ಲಿ ತೇಲುವ ಘನ ಕಣ ಲೀಟರಿಗೆ 100 ಮಿಲಿಗ್ರಾಂ ದಾಟಬಾರದು ಅನ್ನುವುದು ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿ. ಆದರೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ನಿಮ್ಮ ಸಮ್ಮತಿ ಪತ್ರದಲ್ಲಿ ಹೊರಗೆ ಒಂದು ಹನಿಯೂ ಬಿಡಬಾರದು ಅಂತ ಷರತ್ತು ಇದ್ದರೆ ಈ ಮಿತಿಯ ಮಾತೇ ಬರಲ್ಲ. ಆ ಪತ್ರವನ್ನು ಇವತ್ತೇ ತೆಗೆದು ಓದಿ. ಮೋಟಾರಿಗೆ ಮೀಟರು ಹಾಕಿಸಿ, ಎತ್ತಿದ ನೀರನ್ನು ದಿನಾ ಬರೆದಿಡಿ.

ತಿಳಿಯಾಗದ ನೀರಿಗೆ ಪಟಿಕ ಹಾಕಬಹುದು. ಎಷ್ಟು ಅಂತ ಇಲ್ಲಿಂದ ಹೇಳಲು ಬರಲ್ಲ. ಬಾಟಲಿಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ ನೋಡಿಯೇ ಗೊತ್ತು ಮಾಡಬೇಕು. ಕೈಗೆ ಬಂದಷ್ಟು ಎರಚಿದರೆ ನೀರು ಹುಳಿಯಾಗಿ ಇನ್ನೊಂದು ದೂರು ಬರುತ್ತದೆ.

ಕ್ರಷರ್ ಯಾರ್ಡಿನ ನೀರನ್ನು ಮಾತ್ರ ಇದಕ್ಕೆ ಯಾವುದಕ್ಕೂ ಸೇರಿಸಬೇಡಿ. ಅಲ್ಲಿ ಡಸ್ಟ್ ರಾಶಿ ಇದೆ, ಡೀಸೆಲ್ ಇದೆ, ಗ್ರೀಸ್ ಇದೆ. 3 ಎಕರೆ ಯಾರ್ಡಿನಿಂದ ಜೋರು ಮಳೆಯಲ್ಲಿ ಸೆಕೆಂಡಿಗೆ 140 ಲೀಟರ್ ಬರುತ್ತದೆ, ನಿಮ್ಮ ಮೋಟಾರಿನ ನೀರಿನ ಒಂಬತ್ತು ಪಟ್ಟು. ಹರಿಯುವಾಗಲೇ ಅದನ್ನು ತಿಳಿ ಮಾಡುವುದು ಆಗದ ಕೆಲಸ. ಹಿಡಿದು ನಿಲ್ಲಿಸಬೇಕು. ಮೊದಲ 25 ಮಿಲಿಮೀಟರ್ ಮಳೆಯಲ್ಲೇ ಹೆಚ್ಚಿನ ಕೊಳೆ ತೊಳೆದು ಬರುತ್ತದೆ. ಅದಕ್ಕೆ 2.1 ಲಕ್ಷ ಲೀಟರಿನ ಹೊಂಡ ಸಾಕು. ಆ ನೀರನ್ನು ಧೂಳು ಅಡಗಿಸಲು ಬಳಸಿ. ಡಸ್ಟ್ ರಾಶಿ ಹಳ್ಳದ ಕಡೆ ಇದ್ದರೆ ಈ ಬೇಸಿಗೆಯಲ್ಲೇ ಆಚೆ ಮಗ್ಗುಲಿಗೆ ಬದಲಾಯಿಸಿ. ಡೀಸೆಲ್ ಟ್ಯಾಂಕಿಗೆ ಸುತ್ತ ಕಟ್ಟೆ, ಮೇಲೆ ಶೀಟು ಹಾಕಿಸಿ. ಎಂ-ಸ್ಯಾಂಡ್ ತೊಳೆಯುವ ಪ್ಲಾಂಟ್ ಹಾಕುವ ಯೋಚನೆ ಇದ್ದರೆ ಅದರ ಕೆಸರು ನೀರಿನ ಕಥೆಯೇ ಬೇರೆ. ಅದಕ್ಕೆ ಪ್ರತ್ಯೇಕವಾಗಿ ಕೇಳಿ.

ಈಗ ಬೋರ್‌ವೆಲ್ ವಿಚಾರ. ನಿಮಗೆ ಇಷ್ಟವಾಗುವ ಮಾತನ್ನೂ ಹೇಳುತ್ತೇನೆ, ಇಷ್ಟವಾಗದ್ದನ್ನೂ ಹೇಳುತ್ತೇನೆ.

ನಿಮ್ಮ ಜಿಲ್ಲೆ, ಪಕ್ಕದ ಕೋಲಾರ, ಎರಡೂ ಬಹಳ ವರ್ಷಗಳಿಂದ ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ. ಒಂದು ವರ್ಷದಲ್ಲಿ ಇಂಗಿದ್ದಕ್ಕಿಂತ ಎತ್ತಿದ್ದೇ ಜಾಸ್ತಿ ಇದ್ದರೆ ಆ ಪಟ್ಟಿಗೆ ಸೇರಿಸುತ್ತಾರೆ. ತೆರೆದ ಬಾವಿಗಳು ಬತ್ತಿ ಒಂದು ತಲೆಮಾರೇ ಆಯಿತು. ಸಾವಿರ ಅಡಿ ಕೊರೆದರೂ ಧೂಳೇ ಬಂದ ಬೋರ್‌ಗಳು ಊರೂರಲ್ಲಿ ಇವೆ. ಹಾಗಿರುವಾಗ 60 ಅಡಿ ಗುಂಡಿ ಸಾವಿರ ಅಡಿ ಬೋರನ್ನು ಒಣಗಿಸಿತು ಅನ್ನುವುದನ್ನು ಸುಲಭವಾಗಿ ಒಪ್ಪಲಾಗದು. ಬಹಳ ಕಡೆ ಅಂತರ್ಜಲದ ಮಟ್ಟ ಗುಂಡಿಯ ತಳಕ್ಕಿಂತ ಎಷ್ಟೋ ಕೆಳಗಿರುತ್ತದೆ. ಕಾಣದ ನೀರನ್ನು ಗುಂಡಿ ಹೇಗೆ ಎಳೆದುಕೊಳ್ಳುತ್ತದೆ?

ಆದರೆ ಇಷ್ಟಕ್ಕೇ ಗೆದ್ದೆವು ಅಂದುಕೊಳ್ಳಬೇಡಿ. ನಮ್ಮ ಗಟ್ಟಿಕಲ್ಲಿನ ನೆಲದಲ್ಲಿ ನೀರು ಇರುವುದು ಎರಡೇ ಕಡೆ. ಮೇಲಿನ ಗರಸು ಪದರದಲ್ಲಿ, ಇಲ್ಲವೇ ಕೆಳಗಿನ ಬಂಡೆಯ ಬಿರುಕಿನಲ್ಲಿ. ಮಳೆನೀರು ಮೊದಲು ಗರಸಿಗೆ ಇಳಿದು, ಅಲ್ಲಿಂದ ನಿಧಾನವಾಗಿ ಬಿರುಕಿಗೆ ಸೇರುತ್ತದೆ. ನೀವು ಗರಸು ಪದರವನ್ನು ಅಡ್ಡಲಾಗಿ ಕತ್ತರಿಸಿದ್ದೀರಿ. ಗುಡ್ಡದ ಬುಡದಲ್ಲಿ ಇಳಿಯುತ್ತಿದ್ದ ನೀರು ಈಗ ನಿಮ್ಮ ಗೋಡೆಯಿಂದ ಹೊರಗೆ ಒಸರುತ್ತಿರಬಹುದು. ಕೆಳಗಡೆ 100, 150 ಅಡಿಯ ಹಳೆಯ ಬೋರ್ ಇದ್ದರೆ, ಒಂದೆರಡು ತೆರೆದ ಬಾವಿ ಇನ್ನೂ ಜೀವಂತ ಇದ್ದರೆ ಅವಕ್ಕೆ ಪೆಟ್ಟು ಬೀಳುವ ಸಾಧ್ಯತೆ ಖಂಡಿತ ಇದೆ. ಕೆರೆ ತುಂಬಿದ ವರ್ಷ ಆ ಸುತ್ತಿನ ನೀರಿನ ಮಟ್ಟವೂ ಮೇಲೇಳುತ್ತದೆ. ಹೋದ ವರ್ಷ ಒಣಗಿದ್ದ ಗೋಡೆ ಈ ವರ್ಷ ಒಸರಲು ಶುರುವಾಗಬಹುದು. ಮಲೆನಾಡಿನಲ್ಲೋ ಕರಾವಳಿಯ ಮುರಕಲ್ಲಿನ ಕ್ವಾರಿಯಲ್ಲೋ ಆದರೆ ನೀರು ಮೇಲೇ ಇರುತ್ತದೆ. ಅಲ್ಲಿ ನಾನು ಮೊದಲು ರೈತರ ಮಾತನ್ನೇ ನಂಬುತ್ತೇನೆ.

ಹಾಗಾದರೆ ನಿಮ್ಮ ಗುಂಡಿಯಲ್ಲಿ ಅಂತರ್ಜಲ ಇದೆಯಾ ಇಲ್ಲವಾ? ಮಾರ್ಚ್ ತಿಂಗಳಲ್ಲಿ ಒಂದು ದಿನ ಬೆಳಗ್ಗೆ, ಬಿಸಿಲು ಏರುವ ಮೊದಲು ಗುಂಡಿಗೆ ಇಳಿದು ನಾಲ್ಕೂ ಗೋಡೆ ನೋಡುತ್ತಾ ಬನ್ನಿ. ಮಳೆ ನಿಂತು ತಿಂಗಳುಗಳಾಗಿವೆ. ಆದರೂ ಒಂದು ಬಿರುಕಿನುದ್ದಕ್ಕೂ ಕಪ್ಪಗೆ ತೇವ ಇದೆಯಾ? ಅದರ ಕೆಳಗೆ ಪಾಚಿ, ಜರೀಗಿಡ ಹುಟ್ಟಿದೆಯಾ? ಸುಣ್ಣ ಬಳಿದ ಹಾಗೆ ಬಿಳಿ ಪಟ್ಟಿ ಇಳಿದಿದೆಯಾ? ಇದ್ದರೆ ಅದು ಒರತೆ. ಸುಣ್ಣದ ನೀರಿನಲ್ಲಿ ಗುರುತು ಹಾಕಿ, ಫೋಟೋ ತೆಗೆದು, ತಾರೀಖು ಬರೆಯಿರಿ. ಇನ್ನೊಂದು ದಾರಿ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ನು. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಮಳೆ ಬಿದ್ದು ಒಂದೆರಡು ದಿನದ ನೀರಿನಲ್ಲಿ 100ರ ಆಸುಪಾಸು ತೋರಿಸುತ್ತದೆ. ನಿಮ್ಮ ಕಡೆಯ ಬೋರ್ ನೀರು 500, 800, ಕೆಲವು ಕಡೆ ಸಾವಿರ ದಾಟುತ್ತದೆ. ಸಂಪಿನ ನೀರನ್ನು ವಾರಕ್ಕೊಮ್ಮೆ ಅಳೆಯಿರಿ. ಬಿಸಿಲಿಗೆ ಆವಿಯಾದಾಗ ಅಂಕಿ ನಿಧಾನವಾಗಿ ಏರುವುದು ಸಹಜ. ಆದರೆ ನೀರಿನ ಮಟ್ಟ ಇಳಿಯದೆ ಅಂಕಿ ಮಾತ್ರ ಬೋರ್ ನೀರಿನ ಕಡೆಗೆ ಓಡುತ್ತಿದ್ದರೆ ಕೆಳಗಿನಿಂದ ನೀರು ಸೇರುತ್ತಿದೆ ಅಂತಲೇ ಅರ್ಥ.

ಅಂಥ ಬಿರುಕು ಸಿಕ್ಕಿದರೆ ಆ ಬೆಂಚನ್ನು ಅಲ್ಲಿಗೇ ನಿಲ್ಲಿಸಿ, ಬೇರೆ ಮಗ್ಗುಲಿಗೆ ಹೋಗಿ. ಅಂತರ್ಜಲವನ್ನು ಎತ್ತಿ ಹೊರಹಾಕಲು ಅಂತರ್ಜಲ ಪ್ರಾಧಿಕಾರದ ಅನುಮತಿ ಬೇಕು. ಕರ್ನಾಟಕಕ್ಕೆ ಇದಕ್ಕೇ 2011ರ ಕಾಯ್ದೆ ಇದೆ. ಮಳೆನೀರು ಎತ್ತುತ್ತಿದ್ದೇನೆ ಅಂತ ಹೇಳಿ ಒರತೆ ನೀರು ಎತ್ತುತ್ತಾ ಹೋದರೆ ನಿಮ್ಮದೇ ಮೀಟರಿನ ಪುಸ್ತಕ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ರೈತರ ಬಾವಿಗಳ ಲೆಕ್ಕವನ್ನು ಈ ಮೇ ತಿಂಗಳಲ್ಲೇ ಶುರುಮಾಡಿ. ಗುಂಡಿಯಿಂದ ಅರ್ಧ ಕಿಲೋಮೀಟರ್ ಒಳಗಿನ ಎಲ್ಲ ಬೋರ್, ಬಾವಿ ಪಟ್ಟಿ ಮಾಡಿ. ಆಳ ಎಷ್ಟು, ಕೇಸಿಂಗ್ ಎಷ್ಟು ಅಡಿ, ಯಾವ ವರ್ಷ ಕೊರೆದದ್ದು, ಆಗ ಎಷ್ಟು ಇಂಚು ನೀರು, ಈಗ ಎಷ್ಟು. ಮಟ್ಟ ಅಳೆಯುವ ಮೊದಲು ಮೋಟಾರು ಕನಿಷ್ಠ ಐದಾರು ಗಂಟೆ ನಿಂತಿರಬೇಕು. ಬೆಳಗಿನ ಜಾವ ಒಳ್ಳೆಯ ಹೊತ್ತು. ಅಳೆಯುವಾಗ ಆ ರೈತರೂ ಪಕ್ಕದಲ್ಲಿರಲಿ. ಅಂಕಿಯನ್ನು ಅವರ ಕೈಯಲ್ಲೇ ಬರೆಸಿ, ಒಂದು ಪ್ರತಿ ಅವರಿಗೇ ಕೊಡಿ. ನಿಮ್ಮ ಮ್ಯಾನೇಜರ್ ಒಬ್ಬನೇ ಹೋಗಿ ಅಳೆದುಕೊಂಡು ಬಂದ ಪಟ್ಟಿಯನ್ನು ಯಾರೂ ನಂಬಲ್ಲ, ನಂಬಬೇಕಾಗಿಯೂ ಇಲ್ಲ. ಆಗಸ್ಟ್, ನವೆಂಬರ್, ಜನವರಿಯಲ್ಲಿ ಮತ್ತೆ ಅಳೆಯಿರಿ. ಕೇಂದ್ರ ಅಂತರ್ಜಲ ಮಂಡಳಿಯೂ ವರ್ಷಕ್ಕೆ ನಾಲ್ಕು ಸಲ ಅಳೆಯುವುದರಿಂದ ನಿಮ್ಮ ಅಂಕಿಯನ್ನು ಅದರ ಜೊತೆ ಹೋಲಿಸಬಹುದು. ಗುಂಡಿ ಮತ್ತು ಬೋರ್‌ಗಳ ನಡುವೆ ನಿಮ್ಮ ಗಡಿಯೊಳಗೇ ಒಂದು ವೀಕ್ಷಣಾ ಬೋರ್ ಕೊರೆಸಿ. ಅದಕ್ಕೆ ಯಾವತ್ತೂ ಮೋಟಾರು ಇಳಿಸಬೇಡಿ.

ದೂರು ಬಂದ ಬೋರ್ ನಿಜವಾಗಿಯೂ ಗುಂಡಿಗೆ ಅಂಟಿಕೊಂಡಿದೆಯಾ ಅನ್ನುವುದಕ್ಕೆ ಒಂದು ನೇರ ಪರೀಕ್ಷೆ ಇದೆ. ನೀವು ದಿನಾ ಸಂಪಿನಿಂದ ಪಂಪ್ ಮಾಡುತ್ತಿರುವ ಕಾಲದಲ್ಲಿ ಆ ಬೋರಿನ ಮಟ್ಟವನ್ನು ಮೂರು ದಿನ ಬೆಳಗ್ಗೆ ಅಳೆಯಿರಿ. ಆಮೇಲೆ ನಿಮ್ಮ ಪಂಪ್ ಪೂರ್ತಿ ನಿಲ್ಲಿಸಿ ಇನ್ನೂ ಮೂರು ದಿನ ಅಳೆಯಿರಿ. ಮತ್ತೆ ಶುರುಮಾಡಿ ಅಳೆಯಿರಿ. ನೀವು ನಿಲ್ಲಿಸಿದಾಗ ಮಟ್ಟ ಏರಿ, ಶುರುಮಾಡಿದಾಗ ಇಳಿದರೆ ಸಂಬಂಧ ಇದೆ. ಆಗ ವಾದ ಮಾಡುತ್ತಾ ಕೂರಬೇಡಿ, ಆ ರೈತರಿಗೆ ನೀರಿನ ವ್ಯವಸ್ಥೆ ಮಾಡುವ ಮಾತಾಡಿ. ತ್ರೀ ಫೇಸ್ ಕರೆಂಟು ಬಂದು ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಓಡಿದಾಗ ಮಾತ್ರ ಇಳಿಯುತ್ತಿದ್ದರೆ ಬೋರ್‌ಗಳೇ ಒಂದಕ್ಕೊಂದು ನೀರು ಕಿತ್ತುಕೊಳ್ಳುತ್ತಿವೆ. ಈ ಪರೀಕ್ಷೆಯ ದಿನಗಳಲ್ಲಿ ಮಳೆ ಬಂದರೆ ಮೊದಲಿನಿಂದ ಮಾಡಬೇಕು.

ಬರೀ ಮಟ್ಟ ಸಾಲದು, ನೀರಿನ ಗುಣವನ್ನೂ ನೋಡಿ. ಬ್ಲಾಸ್ಟಿಂಗ್‌ಗೆ ಬಳಸುವ ಅಮೋನಿಯಂ ನೈಟ್ರೇಟ್ ನೀರಿನಲ್ಲಿ ಬೇಗ ಕರಗುತ್ತದೆ. ಒದ್ದೆ ಕುಳಿಗೆ ಒಣ ಮದ್ದು ಸುರಿದರೆ ಅರ್ಧ ಸಿಡಿಯುವುದೇ ಇಲ್ಲ. ಕರಗಿ ಸಂಪಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಒದ್ದೆ ಕುಳಿಗೆ ನೀರು ತಡೆಯುವ ಎಮಲ್ಷನ್ ಮದ್ದನ್ನೇ ಬಳಸಲು ನಿಮ್ಮ ಬ್ಲಾಸ್ಟರ್‌ಗೆ ಹೇಳಿ. ಸಂಪಿನ ನೀರನ್ನೂ ಹತ್ತಿರದ ಎರಡು ಬೋರ್ ನೀರನ್ನೂ ವರ್ಷಕ್ಕೆ ಎರಡು ಸಲ ಲ್ಯಾಬಿಗೆ ಕಳಿಸಿ. ಹೊಲದ ಗೊಬ್ಬರದಿಂದಲೂ ದನದ ಕೊಟ್ಟಿಗೆಯಿಂದಲೂ ನೈಟ್ರೇಟ್ ಬರುತ್ತದೆ. ಮೊದಲ ಅಳತೆ ಈಗಲೇ ಇಲ್ಲದಿದ್ದರೆ ಮುಂದೆ ಯಾವುದು ಯಾರದು ಅಂತ ಹೇಳಲು ಬರಲ್ಲ.

ಕೊನೆಯ ಪ್ರಶ್ನೆ, ಗುಂಡಿಯಲ್ಲಿ ನೀರು ಇಂಗಿಸುವುದು. ಈ ಮಾತನ್ನು ಬಹಳ ಜನ ಹೇಳುತ್ತಾರೆ. ಕ್ವಾರಿ ಮುಚ್ಚುವ ಯೋಜನೆಯಲ್ಲಿ ಬರೆದರೆ ಕೇಳಲೂ ಚೆನ್ನಾಗಿರುತ್ತದೆ. ನನಗೆ ಇದರಲ್ಲಿ ಅಷ್ಟು ನಂಬಿಕೆ ಇಲ್ಲ. ಬಿರುಕಿಲ್ಲದ ಗಟ್ಟಿ ಬಂಡೆ ಅಂತಲೇ ಅಲ್ವಾ ನೀವು ಅಲ್ಲಿ ಕ್ವಾರಿ ಮಾಡಿದ್ದು? ಅದೇ ಬಂಡೆ ಈಗ ನೀರು ಇಂಗಿಸುತ್ತದೆ ಅಂದರೆ ಹೇಗೆ? ಇದ್ದಬದ್ದ ಸಣ್ಣ ಬಿರುಕಿನ ಬಾಯಿಯನ್ನೂ ಕಲ್ಲಿನ ಹಿಟ್ಟು ಮುಚ್ಚಿರುತ್ತದೆ. ನಿಮ್ಮ ಕಡೆಯ ಒಣ ಹವೆಗೆ ನಿಂತ ನೀರಿನಲ್ಲಿ ವರ್ಷಕ್ಕೆ ಒಂದೂವರೆ ಮೀಟರಿಗೂ ಜಾಸ್ತಿ ಆವಿಯಾಗಿ ಹೋಗುತ್ತದೆ. ಮಟ್ಟ ಇಳಿದದ್ದು ನೋಡಿ ಇಂಗಿತು ಅಂತ ಖುಷಿಪಡುವವರು ಈ ಲೆಕ್ಕ ಹಾಕಿರಲ್ಲ.

ಊಹೆ ಬೇಡ, ಅಳೆಯೋಣ. ಸಂಪಿನ ಗೋಡೆಯ ಮೇಲೆ ಸೆಂಟಿಮೀಟರ್ ಗೆರೆಯ ಅಳತೆಪಟ್ಟಿ ಪೇಂಟ್ ಮಾಡಿಸಿ. ಅಗಲ ಬಾಯಿಯ ಒಂದು ಟಬ್ಬಿನಲ್ಲಿ ನೀರು ತುಂಬಿ ಸಂಪಿನ ನೀರಿನಲ್ಲೇ ತೇಲುವಂತೆ ಕಟ್ಟಿ, ಒಳಗೊಂದು ಸ್ಕೇಲು ನಿಲ್ಲಿಸಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಪಂಪ್ ಮಾಡದ ದಿನಗಳಲ್ಲಿ ಎರಡನ್ನೂ ವಾರಕ್ಕೊಮ್ಮೆ ಓದಿ. ಟಬ್ಬಿನಲ್ಲಿ ಇಳಿದದ್ದು ಬಿಸಿಲಿನ ಪಾಲು. ಸಂಪಿನಲ್ಲಿ ಅದಕ್ಕಿಂತ ಎಷ್ಟು ಜಾಸ್ತಿ ಇಳಿಯಿತೋ ಅಷ್ಟೇ ಇಂಗಿದ್ದು. ಎರಡೂ ಒಂದೇ ಆದರೆ ಇಂಗಿಸುವ ಮಾತು ಬಿಟ್ಟು, ಗುಂಡಿಯನ್ನು ನೀರು ಸಂಗ್ರಹಿಸುವ ಕೊಳ ಮಾಡುವುದೇ ಸರಿ. ಹಾಗೆ ಮಾಡುವುದಾದರೆ ಒಂದು ಕಡೆ ದನ, ಜನ ಇಳಿದು ಹತ್ತಲು ಅಗಲವಾದ ಇಳಿಜಾರು ಬೇಕು, ಉಳಿದ ಮೂರು ಕಡೆ ಗಟ್ಟಿ ಬೇಲಿ ಬೇಕು. ಬಿಟ್ಟುಹೋದ ಕ್ವಾರಿಗಳಲ್ಲಿ ಈಜಲು ಹೋದ ಮಕ್ಕಳು ಮುಳುಗಿದ ಸುದ್ದಿ ಪ್ರತಿ ಬೇಸಿಗೆ ರಜೆಯಲ್ಲೂ ಓದುತ್ತೇವೆ. ಬೆಂಚಿನ ಅಂಚು ದಾಟಿದರೆ ಸಾಕು, ನೇರ 20 ಅಡಿ ಆಳ.

ಇನ್ನೊಂದು ಎಚ್ಚರಿಕೆ. ಗುಂಡಿಯ ನೀರನ್ನು ಪೈಪಿನಲ್ಲಿ ಒಣಗಿದ ಬೋರಿಗೆ ಬಿಟ್ಟರೆ ಬೇಗ ಇಂಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬೇಗ ಇಂಗುವುದು ನಿಜ, ಅದೇ ತೊಂದರೆ. ಹಿಟ್ಟು, ಡೀಸೆಲ್, ನೈಟ್ರೇಟ್ ಎಲ್ಲವೂ ಸೋಸದೆ ನೇರ ಬಿರುಕಿಗೆ ಇಳಿದು ಪಕ್ಕದ ಊರಿನ ಕುಡಿಯುವ ನೀರಿನ ಬೋರಿಗೆ ಸೇರುತ್ತವೆ. ಹಾಗೆ ಒಮ್ಮೆ ಕೆಟ್ಟ ಬೋರನ್ನು ಸರಿ ಮಾಡುವುದು ಬಹಳ ಕಷ್ಟ. ನಿಜವಾಗಿ ಇಂಗಿಸಬೇಕು ಅಂದರೆ ಗುಂಡಿಯ ನೀರು ಬೇಡ, ಗುಡ್ಡದಿಂದ ಕಾಲುವೆಯಲ್ಲಿ ಬರುವ ನೀರು ಇದೆಯಲ್ಲ, ಅದು ಹಳ್ಳ ಸೇರುವ ಮೊದಲು ಗರಸು ನೆಲದಲ್ಲಿ ಎರಡು ಮೂರು ತಗ್ಗು ಕಟ್ಟೆ ಹಾಕಿ ನಿಲ್ಲಿಸಿ. ಕಟ್ಟೆ ತುಂಬಿ ಉಳಿದದ್ದು ಕೆರೆಗೆ ಹೋಗಲಿ. ಕಟ್ಟೆಯ ಹೂಳನ್ನು ಪ್ರತಿ ಏಪ್ರಿಲ್‌ನಲ್ಲಿ ತೆಗೆಸಿ. ಆ ಮಣ್ಣನ್ನು ಕೇಳುವ ರೈತರು ಇದ್ದೇ ಇರುತ್ತಾರೆ.

ಕಾಲುವೆ ಮತ್ತು ಸಂಪಿನ ಕೆಲಸ ಮುಂಗಾರಿಗೆ ಮೊದಲೇ ಮುಗಿಯಲಿ. ಮೇ ತಿಂಗಳ ಬಾವಿಗಳ ಅಳತೆ, ಸಂಪಿನ ಟಿಡಿಎಸ್ ಅಂಕಿ, ಗೋಡೆಯ ಫೋಟೋ ಕೈಗೆ ಬಂದ ಮೇಲೆ ಮತ್ತೆ ಬರೆಯಿರಿ. ಇನ್ನೂ ಆಳಕ್ಕೆ ಇಳಿಯಬಹುದಾ, ಇಲ್ಲ ಅಲ್ಲಿಗೇ ನಿಲ್ಲಿಸಬೇಕಾ ಅನ್ನುವುದನ್ನು ಅವನ್ನು ನೋಡಿ ಹೇಳಬಹುದು.